ನೆತ್ತಿಗೇರುವ ತುತ್ತು: ನುಂಗುವ ತೊಂದರೆ ಮತ್ತು ಶ್ವಾಸಕೋಶದ ರಕ್ಷಣೆ

ಕೂಟದ ಸಭೆಯಲ್ಲಿ ಆಡಿದ ಮಾತುಗಳನ್ನು ಬರಹರೂಪದಲ್ಲಿ ಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ. ಅಂದು ಸಮಯದ ಅಭಾವದಿಂದ ಬಿಟ್ಟುಹೋದ ಕೆಲವು ವಿಷಯಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಊಟದ ನಡುವೆ ಯಾರಿಗಾದರೂ ಫಕ್ಕನೆ ಕೆಮ್ಮು ಬಂದರೆ “ನೆತ್ತಿಗೇರಿತು, ಯಾರೋ ನೆನೆಸಿಕೊಂಡಿರಬೇಕು” ಎನ್ನುವುದು ನಮ್ಮ ಮನೆಗಳ ವಾಡಿಕೆ. ಹಿರಿಯರು ನೆತ್ತಿಯನ್ನು ಮೆಲ್ಲಗೆ ತಟ್ಟಿ, ಒಂದು ಗುಟುಕು ನೀರು ಕೊಟ್ಟು, ಮಾತು ಮುಂದುವರಿಸುತ್ತಾರೆ. ಬಹುತೇಕ ಸಲ ಅದು ಅಷ್ಟಕ್ಕೇ ಮುಗಿಯುತ್ತದೆ. ಆದರೆ ಶರೀರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆ ತುತ್ತು ಏರಿದ್ದು ನೆತ್ತಿಗಲ್ಲ. ಇಳಿಯಬಾರದ ದಾರಿಗೆ, ಶ್ವಾಸನಾಳದ ಬಾಗಿಲಿಗೆ ಇಳಿದಿದೆ. ಕೆಮ್ಮು ಅದನ್ನು ಹೊರದಬ್ಬುವ ಕಾವಲುಗಾರ. ವರ್ಷಕ್ಕೊಮ್ಮೆ ಹೀಗಾದರೆ ಯಾರೋ ನೆನೆದರೆಂದು ನಗಬಹುದು. ಎಪ್ಪತ್ತೈದು ದಾಟಿದ ತಂದೆಯವರಿಗೆ ದಿನವೂ ಕಾಫಿ ಕುಡಿಯುವಾಗ ಹೀಗಾದರೆ ನಾವು ನಗಬಾರದು.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಈ ದೇಶಕ್ಕೆ ಓದಲೆಂದೋ ಕೆಲಸಕ್ಕೆಂದೋ ಬಂದ ನಾವೇ ಈಗ ವೃದ್ಧಾಪ್ಯದ ಹೊಸ್ತಿಲಲ್ಲಿದ್ದೇವೆ. ನಮ್ಮಲ್ಲಿ ಹಲವರ ತಂದೆತಾಯಿಗಳು ನಮ್ಮೊಡನೆ ಇಲ್ಲಿದ್ದಾರೆ, ಇಲ್ಲವೇ ಊರಿನಲ್ಲಿ ಒಬ್ಬರೇ ಇದ್ದಾರೆ. ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಮರೆವಿನ ಕಾಯಿಲೆಗಳ ಜೊತೆಯಲ್ಲಿ ನುಂಗುವ ತೊಂದರೆಯೂ ಬರುತ್ತದೆ ಎಂಬುದು ಎಷ್ಟೋ ಮನೆಯವರಿಗೆ ಆಸ್ಪತ್ರೆಯಲ್ಲಿ, ಗಾಬರಿಯ ನಡುವೆ, ಮೊದಲ ಬಾರಿಗೆ ತಿಳಿಯುತ್ತದೆ. ಮೊದಲೇ ತಿಳಿದಿದ್ದರೆ ಅನೇಕ ತೊಂದರೆಗಳನ್ನು ತಪ್ಪಿಸಬಹುದು. ತಪ್ಪಿಸಲಾಗದ ಕಡೆ ವಿವೇಕದಿಂದ ತೀರ್ಮಾನಿಸಬಹುದು.

ನುಂಗುವುದೆಂದರೇನು?

ಎಚ್ಚರದಲ್ಲಿಯೂ ನಿದ್ರೆಯಲ್ಲಿಯೂ ನಾವು ದಿನಕ್ಕೆ ನೂರಾರು ಸಲ ನುಂಗುತ್ತೇವೆ. ಆಹಾರವಿಲ್ಲದ ವೇಳೆಯಲ್ಲಿ ನುಂಗುವುದು ಜೊಲ್ಲನ್ನು. ಅದೇ ದಿನಕ್ಕೆ ಸುಮಾರು 1 ಲೀಟರಿನಷ್ಟು ಊರುತ್ತದೆ. ಈ ಕೆಲಸಕ್ಕೆ ಸುಮಾರು 30 ಜೊತೆ ಸ್ನಾಯುಗಳೂ, ಮೆದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ 5 ಜೊತೆಯೂ ಒಂದಕ್ಕೊಂದು ತಾಳ ತಪ್ಪದಂತೆ ದುಡಿಯಬೇಕು. ಆ ತಾಳವನ್ನು ಹಿಡಿದಿಡುವ ಕೇಂದ್ರ ಮೆದುಳಿನ ಬುಡದಲ್ಲಿದೆ.

ನುಂಗುವಿಕೆಯನ್ನು ಮೂರು ಹಂತಗಳಾಗಿ ನೋಡಬಹುದು. ಮೊದಲನೆಯದು ಬಾಯಿಯ ಹಂತ. ಹಲ್ಲು ಅಗಿಯುತ್ತದೆ, ಜೊಲ್ಲು ನೆನೆಸುತ್ತದೆ, ನಾಲಗೆ ಎಲ್ಲವನ್ನೂ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಇದು ನಮ್ಮ ಇಚ್ಛೆಗೆ ಒಳಪಟ್ಟದ್ದು. ಎರಡನೆಯದು ಗಂಟಲಿನ ಹಂತ. ಒಂದು ಸೆಕೆಂಡಿನಷ್ಟು ಅವಧಿಯಲ್ಲಿ ಮುಗಿಯುವ ಈ ಹಂತವೇ ಅತ್ಯಂತ ಅಪಾಯದ್ದು. ಗಂಟಲು ಗಾಳಿಗೂ ಅನ್ನಕ್ಕೂ ಸಮಾನವಾದ ಹಾದಿ. ಅಲ್ಲಿಂದ ಮುಂದೆ ಹಾದಿ ಕವಲೊಡೆಯುತ್ತದೆ. ಮುಂದಿನ ಕವಲು ಶ್ವಾಸನಾಳ, ಹಿಂದಿನದು ಅನ್ನನಾಳ. ತುತ್ತು ಬಂದೊಡನೆ ಮೆದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಅವುಗಳ ಮೇಲೆ ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗುತ್ತದೆ, ಉಸಿರು ಕ್ಷಣಕಾಲ ನಿಲ್ಲುತ್ತದೆ, ಅನ್ನನಾಳದ ಬಾಗಿಲು ತೆರೆಯುತ್ತದೆ. ಕನ್ನಡಿಯ ಮುಂದೆ ನಿಂತು ಜೊಲ್ಲು ನುಂಗಿದರೆ ಕೊರಳಿನ ಉಬ್ಬು ಮೇಲೇರಿ ಇಳಿಯುವುದನ್ನು ಯಾರೂ ಕಾಣಬಹುದು. ಮೂರನೆಯದು ಅನ್ನನಾಳದ ಹಂತ. ಅಲೆಅಲೆಯಾದ ಸಂಕೋಚನದಿಂದ ತುತ್ತು 8ರಿಂದ 20 ಸೆಕೆಂಡುಗಳಲ್ಲಿ ಜಠರವನ್ನು ಸೇರುತ್ತದೆ.

ಎರಡನೆಯ ಹಂತದಲ್ಲಿ ಬಾಗಿಲು ತಡವಾಗಿ ಮುಚ್ಚಿದರೆ, ಅರ್ಧ ಮುಚ್ಚಿದರೆ, ಅಥವಾ ನುಂಗಿದ ಮೇಲೂ ಗಂಟಲಿನಲ್ಲಿ ಆಹಾರ ಉಳಿದುಕೊಂಡರೆ, ಅದರ ಒಂದಂಶ ಧ್ವನಿತಂತುಗಳನ್ನು ದಾಟಿ ಶ್ವಾಸನಾಳಕ್ಕೆ ಜಾರುತ್ತದೆ. ಇದನ್ನು ವೈದ್ಯರು ಆಸ್ಪಿರೇಶನ್ ಎನ್ನುತ್ತಾರೆ. ನುಂಗುವ ತೊಂದರೆಗೆ ಡಿಸ್‌ಫೇಜಿಯಾ ಎಂದು ಹೆಸರು. ಆಸ್ಪತ್ರೆಯಲ್ಲಿ ಈ ಎರಡು ಪದಗಳು ಕಿವಿಗೆ ಬಿದ್ದರೆ ಅರ್ಥ ತಿಳಿದಿರಲಿ.

ಕಾರಣಗಳು

ಪಾರ್ಶ್ವವಾಯು ಮೊದಲನೆಯ ಕಾರಣ. ಅದು ತಗಲಿದ ಆರಂಭದ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವುದು ಕಷ್ಟವಾಗುತ್ತದೆ. ಅವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ ಎಂಬುದು ಸಮಾಧಾನದ ಸಂಗತಿ. ಇಲ್ಲಿ ಒಂದು ಎಚ್ಚರಿಕೆ: ಮನೆಯಲ್ಲಿ ಯಾರಿಗಾದರೂ ಫಕ್ಕನೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಮೊದಲು ನೀರು ಕುಡಿಸಲು ಹೋಗಬೇಡಿ. ಕಾಫಿ ಬೇಡ, ಮಾತ್ರೆಯೂ ಬೇಡ. ಆಸ್ಪಿರಿನ್ ಸಹ ನೀವಾಗಿ ಕೊಡಬೇಡಿ, ಏಕೆಂದರೆ ಅದು ಮೆದುಳಿನ ರಕ್ತಸ್ರಾವವೂ ಆಗಿರಬಹುದು. ಇಲ್ಲಿ 911ಕ್ಕೆ, ಊರಿನಲ್ಲಿ 108ಕ್ಕೆ ಕರೆಮಾಡಿ. ಆಸ್ಪತ್ರೆಯಲ್ಲಿ ನುಂಗುವಿಕೆಯನ್ನು ಪರೀಕ್ಷಿಸುವವರೆಗೆ ಬಾಯಿಗೆ ಏನನ್ನೂ ಹಾಕಬಾರದು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ನಾಲಗೆಯ ಚಲನೆ ನಿಧಾನವಾಗುತ್ತದೆ. ಮರೆವಿನ ಕಾಯಿಲೆ ಬೆಳೆದಂತೆ ಬಾಯಲ್ಲಿ ತುತ್ತು ಇದೆಯೆಂಬುದೇ ಮರೆತುಹೋಗುತ್ತದೆ. ತಲೆ ಮತ್ತು ಕುತ್ತಿಗೆಯ ಅರ್ಬುದಕ್ಕೆ ಕೊಟ್ಟ ವಿಕಿರಣ ಚಿಕಿತ್ಸೆಯ ನಂತರ ಸ್ನಾಯುಗಳು ಗಡುಸಾಗಬಹುದು, ಕೆಲವೊಮ್ಮೆ ವರ್ಷಗಳ ಮೇಲೆ ಕೂಡ. ನಿದ್ರೆಮಾತ್ರೆಗಳು ಎಚ್ಚರವನ್ನು ಮಂಕಾಗಿಸುತ್ತವೆ. ಅಲರ್ಜಿಗೆ ಕೊಳ್ಳುವ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ.

ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಕಾರಣವನ್ನು ಬೇರೆಯಾಗಿಯೇ ಹೇಳಬೇಕು. ಅಡಿಕೆ, ಹೊಗೆಸೊಪ್ಪು, ಗುಟ್ಕಾಗಳನ್ನು ಬಹುಕಾಲ ಜಗಿದವರ ಬಾಯಿಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯುಂಟು. ಅದು ಮುಂದೆ ಅರ್ಬುದಕ್ಕೆ ತಿರುಗಬಹುದು. ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಳಿ 2004ರಲ್ಲಿ ಪ್ರಕಟಿಸಿದೆ. ಮಲೆನಾಡಿನವರಿಗೂ ಕರಾವಳಿಯವರಿಗೂ ಈ ಮಾತು ಕಹಿಯಾದೀತು. ಆದರೂ ವೈದ್ಯರಾಗಿ ನಾವು ಹೇಳಲೇಬೇಕು.

ನುಂಗುವ ತೊಂದರೆಗಳೆಲ್ಲ ಗಂಟಲಿನವಲ್ಲ. ನುಂಗಿದ ಮೇಲೆ ಎದೆಯಲ್ಲಿ ಸಿಕ್ಕಿಕೊಂಡಂತಾದರೆ ದೋಷ ಅನ್ನನಾಳದಲ್ಲಿರಬಹುದು. ಮೊದಲು ಚಪಾತಿ, ಬಳಿಕ ಅನ್ನ, ಕೊನೆಗೆ ಗಂಜಿಯೂ ಇಳಿಯದಂತೆ ತೊಂದರೆ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದು ತೂಕವೂ ಇಳಿಯುತ್ತಿದ್ದರೆ ಅದು ಅರ್ಬುದದ ಸೂಚನೆಯಾಗಿರಬಹುದು. ಅಂಥವರಿಗೆ ಎಂಡೊಸ್ಕೊಪಿ ಪರೀಕ್ಷೆಯನ್ನು ತಡಮಾಡದೆ ಮಾಡಿಸಬೇಕು.

ಸದ್ದಿಲ್ಲದೆ ಜಾರುವುದು

ಕೆಮ್ಮು ಬಂದರೆ ಕಾವಲುಗಾರ ಎಚ್ಚರವಾಗಿದ್ದಾನೆಂದು ಅರ್ಥ. ಆದರೆ ಗಂಟಲಿನ ಸಂವೇದನೆ ಮಂದವಾದವರಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. “ನಮ್ಮ ಅಮ್ಮ ಕೆಮ್ಮುವುದೇ ಇಲ್ಲ, ಚೆನ್ನಾಗಿ ಊಟ ಮಾಡುತ್ತಾರೆ” ಎಂಬ ಮಾತನ್ನು ನಾವು ಕೇಳುತ್ತಿರುತ್ತೇವೆ. ಕೆಮ್ಮಿಲ್ಲವೆಂಬುದೊಂದರಿಂದಲೇ ನುಂಗುವಿಕೆ ಸರಿಯಿದೆ ಎಂದು ತೀರ್ಮಾನಿಸಲಾಗದು.

ಹಾಗಾದರೆ ಗಮನಿಸಬೇಕಾದುದೇನು? ಕುಡಿದ ಮೇಲೆ ಧ್ವನಿ ಒದ್ದೆಯಾದಂತೆ, ಗಂಟಲಿನಲ್ಲಿ ನೀರು ಗುಳುಗುಳಿಸಿದಂತೆ ಕೇಳುವುದು. ಅರ್ಧ ಗಂಟೆಯ ಊಟ ಒಂದು ಗಂಟೆಯಾಗುವುದು. ಕೆನ್ನೆಯ ಒಳಗೆ ಅನ್ನ ಉಳಿದಿರುವುದು. ಜೊಲ್ಲು ಸುರಿಯುವುದು. ತಿಂದದ್ದು ಮೂಗಿನಿಂದ ಬರುವುದು. ಹಿಂದೆ ಇಷ್ಟವಾಗಿದ್ದ ತಿಂಡಿಯನ್ನು ಕಾರಣ ಹೇಳದೆ ಬೇಡವೆನ್ನುವುದು. ತೂಕ ಇಳಿಯುವುದು. ಆಗಾಗ ಸಣ್ಣ ಜ್ವರ, ರಾತ್ರಿಯ ಕೆಮ್ಮು. ವರ್ಷದಲ್ಲಿ ಎರಡು ಮೂರು ಸಲ ನ್ಯುಮೋನಿಯಾ, ಅದರಲ್ಲಿಯೂ ಶ್ವಾಸಕೋಶದ ಕೆಳಭಾಗದಲ್ಲಿ. ಇವು ದೀರ್ಘಕಾಲದಿಂದ ಸ್ವಲ್ಪ ಸ್ವಲ್ಪವೇ ಆಹಾರವೋ ಜೊಲ್ಲೋ ಜಾರುತ್ತಿರುವುದರ ಲಕ್ಷಣಗಳು. ಹೀಗೆ ವರ್ಷಗಟ್ಟಲೆ ನಡೆದರೆ ಶ್ವಾಸಕೋಶದ ಕೊಳವೆಗಳು ಹಿಗ್ಗಿ ಕೀವು ನಿಲ್ಲಬಹುದು, ಶ್ವಾಸಕೋಶದ ಅಂಗಾಂಶವೇ ಗಟ್ಟಿಯಾಗಬಹುದು.

ಇದೇ ಸಂದರ್ಭದಲ್ಲಿ ಎಳೆಯ ಮಕ್ಕಳ ಬಗ್ಗೆ ಒಂದು ಮಾತು. ಮಗುವಿನ ಮೂಗಿಗೆ ಎಣ್ಣೆಯನ್ನೋ ತುಪ್ಪವನ್ನೋ ಬಿಡುವ, ಅಳುವ ಮಗುವಿನ ಬಾಯಿಗೆ ಒತ್ತಾಯದಿಂದ ಹರಳೆಣ್ಣೆ ಹಾಕುವ ಪದ್ಧತಿ ಕೆಲವು ಮನೆಗಳಲ್ಲಿತ್ತು. ಜಿಡ್ಡು ಹೆಚ್ಚು ಕೆಮ್ಮು ಬರಿಸದೆಯೇ ಶ್ವಾಸಕೋಶಕ್ಕೆ ಇಳಿದು, ಅಲ್ಲಿಯೇ ನಿಂತು, ಬೇಗ ವಾಸಿಯಾಗದ ಒಂದು ಬಗೆಯ ನ್ಯುಮೋನಿಯಾವನ್ನು ತರುತ್ತದೆ. ಬಾಣಂತನಕ್ಕೆಂದು ಬರುವ ಅಜ್ಜಿಯರಿಗೆ ಇದನ್ನು ಗೌರವದಿಂದಲೇ, ಆದರೆ ಸ್ಪಷ್ಟವಾಗಿ ತಿಳಿಸಬೇಕು.

ಪರೀಕ್ಷೆಗಳು

ಅಮೆರಿಕದ ಆಸ್ಪತ್ರೆಗಳಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮಾಡುವವರು ಸ್ಪೀಚ್ ಪೆಥಾಲಜಿಸ್ಟರು. “ಮಾತು ಸರಿಯಿದೆಯಲ್ಲ, ಇವರೇಕೆ ಬಂದರು?” ಎಂದು ಮನೆಯವರು ಅಚ್ಚರಿಪಡುತ್ತಾರೆ. ಮಾತಿಗೂ ನುಂಗುವುದಕ್ಕೂ ಬಳಕೆಯಾಗುವ ಅಂಗಗಳು ಒಂದೇ ಆದುದರಿಂದ ಎರಡೂ ಅವರ ಪರಿಣತಿಗೆ ಸೇರಿವೆ. ಊರಿನಲ್ಲಿರುವವರಿಗೆ ಮೈಸೂರಿನಲ್ಲಿ 1965ರಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನೆನಪಿಸುತ್ತೇವೆ. ಈ ವೃತ್ತಿಗೆ ದೇಶದಲ್ಲಿ ನೆಲೆ ಒದಗಿಸಿದ ಆ ಸಂಸ್ಥೆಯಿರುವುದು ನಮ್ಮ ನಾಡಿನಲ್ಲಿಯೇ.

ಮೊದಲು ಮಂಚದ ಬಳಿಯಲ್ಲಿಯೇ ಸರಳ ಪರೀಕ್ಷೆ ನಡೆಯುತ್ತದೆ. ಪೂರ್ಣ ಎಚ್ಚರದಲ್ಲಿರುವ ರೋಗಿಗೆ ಸುಮಾರು 90 ಮಿಲಿಲೀಟರ್ ನೀರನ್ನು ನಿಲ್ಲಿಸದೆ ಕುಡಿಯಲು ಹೇಳಿ, ಕೆಮ್ಮು, ಉಸಿರುಕಟ್ಟುವಿಕೆ, ಧ್ವನಿಯ ಬದಲಾವಣೆಗಳನ್ನು ನೋಡುತ್ತಾರೆ. ಇದು ಪರಿಣತರ ಮುಂದೆ ಮಾಡುವ ಪರೀಕ್ಷೆ. ಸಂಶಯವಿರುವವರ ಮೇಲೆ ಮನೆಯಲ್ಲಿ ಪ್ರಯೋಗಿಸಬಾರದು. ಸಂಶಯ ಉಳಿದರೆ ಎರಡು ದಾರಿಗಳಿವೆ. ಒಂದು, ಬೇರಿಯಂ ಬೆರೆಸಿದ ನೀರು, ಪಾಯಸದಂಥ ಪದಾರ್ಥ, ಬಿಸ್ಕತ್ತುಗಳನ್ನು ನುಂಗಿಸಿ ಚಲಿಸುವ ಎಕ್ಸ್‌ರೇ ಚಿತ್ರ ತೆಗೆಯುವುದು. ಈ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೆರಿ ಲೋಗಮನ್ ಪ್ರಮುಖರು. 1983ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರಕ್ಕೆ ತಳಹದಿಯಾಯಿತು. ಇನ್ನೊಂದು, ಸಪೂರವಾದ ದುರ್ಬೀನನ್ನು ಮೂಗಿನ ಮೂಲಕ ಇಳಿಸಿ, ನುಂಗುವ ಮುನ್ನ ಮತ್ತು ನಂತರ ಗಂಟಲನ್ನು ನೇರವಾಗಿ ನೋಡುವುದು. ಸೂಸನ್ ಲ್ಯಾಂಗ್‌ಮೋರ್ ಮತ್ತು ಸಹೋದ್ಯೋಗಿಗಳು ಇದನ್ನು 1988ರಲ್ಲಿ ಪ್ರಕಟಿಸಿದರು. ಎಕ್ಸ್‌ರೇ ಕೊಠಡಿಗೆ ಒಯ್ಯಲಾಗದ ರೋಗಿಗೆ ಮಂಚದ ಬಳಿಯಲ್ಲಿಯೇ ಇದನ್ನು ಮಾಡಬಹುದು. ಆಹಾರ ಜಾರುತ್ತದೆಯೇ ಎಂಬುದರ ಜೊತೆಗೆ ಏಕೆ ಜಾರುತ್ತದೆ, ಹೇಗೆ ಕುಳಿತರೆ, ಎಷ್ಟು ಗಟ್ಟಿಯಾದರೆ ಜಾರುವುದಿಲ್ಲ ಎಂಬುದನ್ನೂ ತಿಳಿಯುವುದು ಈ ಪರೀಕ್ಷೆಗಳ ಉದ್ದೇಶ.

ಪರೀಕ್ಷೆಯ ವೇಳೆ ಹಿರಿಯರಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡ ದುಭಾಷಿಯನ್ನು ಕೇಳಿ ಪಡೆಯಿರಿ. ದೂರವಾಣಿಯ ಮೂಲಕವಾದರೂ ಉಚಿತವಾಗಿ ಒದಗಿಸುವುದು ಆಸ್ಪತ್ರೆಯ ಕರ್ತವ್ಯ. “ಗದ್ದವನ್ನು ಎದೆಗೆ ತಾಗಿಸಿ ನುಂಗಿ” ಎಂಬ ಸೂಚನೆ ಅರ್ಥವಾಗದೆ ಹೋದರೆ ಪರೀಕ್ಷೆಯ ಫಲವೇ ತಪ್ಪಾಗುತ್ತದೆ.

ಬಾಯಿಯ ಸ್ವಚ್ಛತೆಯೇ ಮೊದಲ ಔಷಧ

ಶ್ವಾಸಕೋಶಕ್ಕೆ ಏನಾದರೂ ಜಾರಿದ ಮಾತ್ರಕ್ಕೆ ನ್ಯುಮೋನಿಯಾ ಬರುವುದಿಲ್ಲ. ಆರೋಗ್ಯವಂತರಿಗೂ ನಿದ್ರೆಯಲ್ಲಿ ಸ್ವಲ್ಪ ಜೊಲ್ಲು ಜಾರುವುದುಂಟು. ಜಾರಿದ್ದರಲ್ಲಿ ಎಷ್ಟು ರೋಗಾಣುಗಳಿದ್ದವು, ದೇಹಕ್ಕೆ ಅವನ್ನು ಎದುರಿಸುವ ಶಕ್ತಿ ಎಷ್ಟಿತ್ತು ಎಂಬುದು ನಿರ್ಣಾಯಕ. ಲ್ಯಾಂಗ್‌ಮೋರ್ ಅವರ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯುಮೋನಿಯಾದ ಮುನ್ಸೂಚನೆಗಳಾಗಿ ಮೇಲೆ ನಿಂತವು ಇವು: ಊಟಕ್ಕೆ ಇನ್ನೊಬ್ಬರನ್ನು ಅವಲಂಬಿಸುವುದು, ಹಲ್ಲುಜ್ಜಲು ಇನ್ನೊಬ್ಬರನ್ನು ಅವಲಂಬಿಸುವುದು, ಹುಳುಕು ಹಲ್ಲುಗಳ ಸಂಖ್ಯೆ, ನಳಿಕೆಯ ಆಹಾರ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟವಾದ ಮೇಲೆ ಪ್ರತಿಸಲವೂ ಹಲ್ಲುಜ್ಜಿಸಿ ದಂತವೈದ್ಯರ ಆರೈಕೆ ಕೊಟ್ಟವರಲ್ಲಿ ನೂರಕ್ಕೆ 11 ಮಂದಿಗೆ ನ್ಯುಮೋನಿಯಾ ಬಂದರೆ, ಹಾಗೆ ಮಾಡದವರಲ್ಲಿ 19 ಮಂದಿಗೆ ಬಂದಿತು. ಒಂದು ಹಲ್ಲುಜ್ಜುವ ಕುಂಚದಿಂದ ಇಷ್ಟು ಫಲ ದೊರೆಯುವುದಾದರೆ ಅದನ್ನು ಅಲಕ್ಷಿಸುವುದು ಹೇಗೆ?

ಬಾಯಿಂದ ಊಟ ನಿಂತವರಿಗೂ ದಿನಕ್ಕೆ ಎರಡು ಮೂರು ಸಲ ಹಲ್ಲು, ವಸಡು, ನಾಲಗೆಗಳನ್ನು ಶುಚಿಮಾಡಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು.

ಕುಳಿತುಕೊಳ್ಳುವ ರೀತಿ, ದ್ರವದ ಗಟ್ಟಿತನ

ಊಟಕ್ಕೆ ನೆಟ್ಟಗೆ ಕುಳಿತುಕೊಳ್ಳಬೇಕು. ದಿಂಬಿಗೊರಗಿ ಅರೆಮಲಗಿದ ಭಂಗಿ ಸಲ್ಲದು. ಊಟದ ನಂತರ ಅರ್ಧ ಗಂಟೆಯಾದರೂ ಕುಳಿತಿರಬೇಕು. ಟಿವಿ ಆರಿಸಿರಬೇಕು. ಉಣಿಸುವವರು ನಿಂತು ಉಣಿಸಬಾರದು, ರೋಗಿ ತಲೆ ಎತ್ತಬೇಕಾಗುತ್ತದೆ. ಎದುರಿಗೆ, ಕಣ್ಣಿನ ಮಟ್ಟದಲ್ಲಿ ಕುಳಿತು, ಸಣ್ಣ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದನ್ನು ಕೊಡಬೇಕು. ಎಂಜಲಾಗದಂತೆ ಲೋಟವನ್ನು ಮೇಲೆತ್ತಿ, ತಲೆ ಹಿಂದಕ್ಕೆ ಬಾಗಿಸಿ ನೀರು ಸುರಿದುಕೊಳ್ಳುವುದು ನಮ್ಮ ಅನೇಕ ಹಿರಿಯರ ಅಭ್ಯಾಸ. ನುಂಗುವ ತೊಂದರೆಯಿರುವವರಿಗೆ ಇದಕ್ಕಿಂತ ಅಪಾಯದ ಭಂಗಿ ಬೇರೊಂದಿಲ್ಲ. ಅವರಿಗೆಂದೇ ಪ್ರತ್ಯೇಕವಾದ ಲೋಟವಿಟ್ಟರೆ ಮಡಿಯೂ ಉಳಿಯುತ್ತದೆ, ಶ್ವಾಸಕೋಶವೂ ಉಳಿಯುತ್ತದೆ.

ನೀರು ಬೇಗ ಹರಿಯುತ್ತದೆ. ನಿಧಾನವಾದ ಗಂಟಲಿಗೆ ಬಾಗಿಲು ಮುಚ್ಚಲು ಸಮಯ ಸಿಗುವುದಿಲ್ಲ. ಆದುದರಿಂದ ದ್ರವವನ್ನು ಮಂದಗೊಳಿಸಿ ಕೊಡುವ ಪದ್ಧತಿ ಬಂದಿತು. ಈಗ ಅನೇಕ ದೇಶಗಳು ಒಪ್ಪಿರುವ ಅಂತರರಾಷ್ಟ್ರೀಯ ಕ್ರಮದಲ್ಲಿ ಆಹಾರವನ್ನು ನೀರಿನ 0ಯಿಂದ ಸಾಮಾನ್ಯ ಊಟದ 7ರವರೆಗೆ ಎಂಟು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ನಿಗದಿಯಾದ ಅಳತೆಯ 10 ಮಿಲಿಲೀಟರ್ ಸಿರಿಂಜಿನಿಂದ ದ್ರವವನ್ನು 10 ಸೆಕೆಂಡು ಹರಿಯಬಿಟ್ಟು, ಉಳಿದದ್ದನ್ನು ನೋಡಿ ಮಟ್ಟ ನಿರ್ಧರಿಸುತ್ತಾರೆ: 4ರಿಂದ 8 ಮಿಲಿಲೀಟರ್ ಉಳಿದರೆ 2ನೆಯ ಮಟ್ಟ, 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪವಾದರೂ ಹರಿದಿದ್ದರೆ 3ನೆಯ ಮಟ್ಟ. ಯಾವ ಮಟ್ಟವೆಂಬುದನ್ನು ಪರೀಕ್ಷಿಸಿದವರೇ ಹೇಳಬೇಕು.

ಆದರೆ ಮಂದಗೊಳಿಸಿದ ದ್ರವವೂ ಸರ್ವರೋಗಕ್ಕೆ ಮದ್ದಲ್ಲ. ಪಾರ್ಕಿನ್ಸನ್ ಮತ್ತು ಮರೆವಿನ ಕಾಯಿಲೆಯ ರೋಗಿಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಎಕ್ಸ್‌ರೇ ಚಿತ್ರದಲ್ಲಿ ಮಂದ ದ್ರವ ಕಡಿಮೆ ಜಾರಿದ್ದು ನಿಜ. ಆದರೆ ಮುಂದಿನ ಮೂರು ತಿಂಗಳಲ್ಲಿ ನ್ಯುಮೋನಿಯಾದ ಪ್ರಮಾಣ, ಗದ್ದ ಬಾಗಿಸಿ ತೆಳು ದ್ರವ ಕುಡಿದವರಿಗಿಂತ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ನಿರ್ಜಲೀಕರಣದಂಥ ತೊಂದರೆಗಳು ಮಂದ ದ್ರವ ಕುಡಿದವರಲ್ಲಿಯೇ ಹೆಚ್ಚಾಗಿದ್ದವು. ರುಚಿಯಿಲ್ಲವೆಂದು ಹಿರಿಯರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಕೆಂಟಕಿಯ ಲೂಯಿವಿಲ್‌ನ ಫ್ರೇಜಿಯರ್ ಪುನಶ್ಚೇತನ ಕೇಂದ್ರ 1984ರಿಂದ ಬೇರೊಂದು ದಾರಿ ಹಿಡಿಯಿತು: ಬಾಯಿಯನ್ನು ಚೆನ್ನಾಗಿ ಶುಚಿಮಾಡಿ, ಊಟಗಳ ನಡುವಿನ ವೇಳೆಯಲ್ಲಿ, ಆಯ್ದ ರೋಗಿಗಳಿಗೆ ಬರೀ ನೀರು ಕುಡಿಯಲು ಬಿಡುವುದು. ಶುದ್ಧವಾದ ಬಾಯಿಯಿಂದ ಜಾರಿದ ಸ್ವಲ್ಪ ನೀರನ್ನು ಶ್ವಾಸಕೋಶ ಹೀರಿಕೊಳ್ಳಬಲ್ಲದು ಎಂಬುದು ಇದರ ತರ್ಕ. ನಿಮ್ಮ ಮನೆಯ ರೋಗಿಗೆ ಇದು ಸಲ್ಲುವುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಾಲಗೆಯನ್ನೂ ಕೊರಳಿನ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮಗಳಿವೆ. ಅಂಗಾತ ಮಲಗಿ, ಭುಜ ಎತ್ತದೆ, ತಲೆಯನ್ನು ಮಾತ್ರ ಎತ್ತಿ ಕಾಲ್ಬೆರಳುಗಳನ್ನು ನೋಡುವುದು ಅಂಥದೊಂದು. ಕುತ್ತಿಗೆಯ ಮೂಳೆಸವೆತ ಇರುವವರಿಗೆ ಇದು ಸಲ್ಲದು. ಒಂದು ಧ್ವನಿತಂತು ಸೋತಿದ್ದರೆ ಅದನ್ನು ನಡುವಿಗೆ ಸರಿಸುವ, ಅನ್ನನಾಳದ ಮೇಲ್ಬಾಗಿಲು ತೆರೆಯದಿದ್ದರೆ ಅದನ್ನು ಸಡಿಲಿಸುವ ಶಸ್ತ್ರಚಿಕಿತ್ಸೆಗಳೂ ಉಂಟು. ಬೇರಾವ ಉಪಾಯವೂ ಫಲಿಸದ ಕೆಲವರಲ್ಲಿ ಮಾತ್ರ ಶ್ವಾಸನಾಳವನ್ನು ಗಂಟಲಿನಿಂದ ಪೂರ್ತಿ ಬೇರ್ಪಡಿಸುತ್ತಾರೆ; ಅದಕ್ಕೆ ತೆರಬೇಕಾದ ಬೆಲೆ ಧ್ವನಿ.

ನಮ್ಮ ಅಡುಗೆಮನೆಯಲ್ಲಿ

ಆಸ್ಪತ್ರೆಯ ಪಟ್ಟಿಯಲ್ಲಿರುವ ನುಣ್ಣಗೆ ಅರೆದ ಮಾಂಸ, ಆಲೂಗಡ್ಡೆಗಳನ್ನು ನಮ್ಮ ಹಿರಿಯರು ಮುಟ್ಟುವುದಿಲ್ಲ. ನಮ್ಮ ಅಡುಗೆಯನ್ನೇ ಹೊಂದಿಸಿಕೊಳ್ಳಬಹುದು, ತತ್ತ್ವ ತಿಳಿದಿದ್ದರೆ ಸಾಕು. ತುತ್ತು ಮೆತ್ತಗಿರಬೇಕು, ತೇವವಿರಬೇಕು, ಒಂದೇ ಹದವಾಗಿರಬೇಕು. ಅಂಟಬಾರದು, ಪುಡಿಯಾಗಿ ಚೆದುರಬಾರದು.

ಈ ಅಳತೆಯಲ್ಲಿ ನಮ್ಮ ಮೆಚ್ಚಿನ ಸಾರನ್ನವೇ ಮೊದಲು ಸೋಲುತ್ತದೆ. ಅನ್ನವನ್ನು ಅಗಿಯುತ್ತಿರುವಾಗಲೇ ಸಾರಿನ ನೀರು ಗಂಟಲಿಗೆ ಹರಿದುಬಿಡುತ್ತದೆ. ಬೇಳೆಯ ಕಟ್ಟಿನೊಡನೆ ಅನ್ನವನ್ನು ಚೆನ್ನಾಗಿ ಕಿವುಚಿ, ನೀರು ಬೇರ್ಪಡದಂತೆ ಕೊಡುವುದು ಲೇಸು. ರಾಗಿಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿ. ಅಂಟಾದ ಆ ಉಂಡೆ ದುರ್ಬಲವಾದ ಗಂಟಲಿಗೆ ತಕ್ಕುದಲ್ಲ. ಒಣ ಅವಲಕ್ಕಿ, ಚಿತ್ರಾನ್ನದ ಕಡಲೆಕಾಯಿಬೀಜ, ಕೊಬ್ಬರಿ ತುರಿ, ಒಗ್ಗರಣೆಯ ಸಾಸಿವೆ ಮತ್ತು ಕರಿಬೇವು, ಪೊಂಗಲಿನ ಇಡೀ ಮೆಣಸು, ಇವುಗಳನ್ನು ಬಿಡಬೇಕು. ಪರಿಮಳಕ್ಕೆ ಒಗ್ಗರಣೆಯ ತುಪ್ಪವನ್ನು ಸೋಸಿ ಹಾಕಬಹುದು. ಕಡೆದು ಸಮಮಾಡಿದ ಗಟ್ಟಿ ಮೊಸರು, ನುಣ್ಣಗೆ ಕಿವುಚಿದ ಬಾಳೆಹಣ್ಣು, ಮೆತ್ತಗೆ ಬೆಂದು ಕಿವುಚಿದ ಖಿಚಡಿ ಅನೇಕರಿಗೆ ಸಲ್ಲುತ್ತವೆ.

ರಾಗಿಗಂಜಿಯ ಬಗ್ಗೆ ಒಂದು ಸೂಕ್ಷ್ಮ. ಹಿಟ್ಟಿನಿಂದ ಮಂದವಾದ ಪದಾರ್ಥವನ್ನು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ತೆಳುವಾಗಿಸುತ್ತದೆ. ಎಂಜಲು ಚಮಚವನ್ನು ಮತ್ತೆ ಮತ್ತೆ ಅದ್ದಿದ ಬಟ್ಟಲಿನಲ್ಲಿ ಗಂಜಿ ಕೊನೆಗೆ ನೀರಾಗಿರುವುದನ್ನು ನೀವೂ ನೋಡಿರಬಹುದು. ಅಂಗಡಿಯಲ್ಲಿ ಸಿಗುವ ಕ್ಸಾಂಥನ್ ಗೋಂದಿನ ಪುಡಿಗೆ ಈ ದೋಷವಿಲ್ಲ. ಅದನ್ನು ಕಾಫಿಗೂ ಬೆರೆಸಬಹುದು. ಐಸ್‌ಕ್ರೀಮು ಬಾಯಲ್ಲಿ ಕರಗಿ ತೆಳು ದ್ರವವೇ ಆಗುತ್ತದೆಂಬುದನ್ನು ಮರೆಯಬಾರದು. ಮಾತ್ರೆಗಳನ್ನು ಪುಡಿಮಾಡುವ ಮುನ್ನ ಔಷಧಿಕಾರರನ್ನು ಕೇಳಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿಮಾಡಿದರೆ ಅಪಾಯವಿದೆ.

ತುತ್ತು ಪೂರ್ತಿ ಅಡ್ಡಗಟ್ಟಿ ಮಾತು, ಕೆಮ್ಮು, ಉಸಿರು ಮೂರೂ ನಿಂತರೆ ಅದು ಬೇರೆಯದೇ ಆದ ತುರ್ತು. ಆಗ ನೆತ್ತಿ ತಟ್ಟುವುದರಿಂದಲೂ ನೀರು ಕುಡಿಸುವುದರಿಂದಲೂ ಫಲವಿಲ್ಲ. ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆದು, ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲೆ 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ತುತ್ತು ಹೊರಬೀಳುವವರೆಗೆ ಇದನ್ನೇ ಸರದಿಯಾಗಿ ಮುಂದುವರಿಸುತ್ತಾ, ಇನ್ನೊಬ್ಬರಿಂದ 911ಕ್ಕೆ ಕರೆಮಾಡಿಸಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ಮೇಲೆ ಒತ್ತಬೇಕು. ಒಂದು ವರ್ಷದೊಳಗಿನ ಶಿಶುವಿಗೆ ಕ್ರಮ ಬೇರೆ. ಅದನ್ನು ತರಬೇತಿಯಲ್ಲಿ ಕಲಿಯುವುದೇ ಸರಿ.

ನಳಿಕೆಯ ಪ್ರಶ್ನೆ

ಕೊನೆಯದು ಎಲ್ಲಕ್ಕಿಂತ ಕಠಿಣವಾದ ವಿಷಯ. ಹೊಟ್ಟೆಯ ಗೋಡೆಯ ಮೂಲಕ ಎಂಡೊಸ್ಕೋಪಿನ ನೆರವಿನಿಂದ ಜಠರಕ್ಕೆ ನಳಿಕೆ ಇಡುವ ವಿಧಾನವನ್ನು 1979ರಲ್ಲಿ ಕ್ಲೀವ್‌ಲೆಂಡಿನಲ್ಲಿ ಗಾಡರರ್ ಮತ್ತು ಪಾನ್‌ಸ್ಕಿ ಎಂಬ ವೈದ್ಯರು ಆರಂಭಿಸಿದರು. ಮೊದಲು ಅದನ್ನು ಉದ್ದೇಶಿಸಿದ್ದು ಮಕ್ಕಳಿಗಾಗಿ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಗಂಟಲಿನ ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ ನಳಿಕೆ ಜೀವದಾಯಿ. ಪಾರ್ಶ್ವವಾಯುವಿನಲ್ಲಿ ಮೊದಲ ಎರಡು ಮೂರು ವಾರ ಮೂಗಿನ ಮೂಲಕ ಇಳಿಸಿದ ನಳಿಕೆಯಿಂದ ಉಣಿಸಿ, ತೊಂದರೆ ಮುಂದುವರಿದರೆ ಮಾತ್ರ ಹೊಟ್ಟೆಯ ನಳಿಕೆಯನ್ನು ಯೋಚಿಸುವುದು ವಾಡಿಕೆ.

ಆದರೆ ನಳಿಕೆಯಿಟ್ಟರೆ ಆಸ್ಪಿರೇಶನ್ ನಿಲ್ಲುತ್ತದೆ ಎಂಬುದು ತಪ್ಪು ಕಲ್ಪನೆ. ಜೊಲ್ಲು ಜಾರುತ್ತಲೇ ಇರುತ್ತದೆ. ಜಠರದಲ್ಲಿರುವುದೂ ಮೇಲಕ್ಕೆ ಬರಬಹುದು. ಮರೆವಿನ ಕಾಯಿಲೆ ಕೊನೆಯ ಹಂತ ಮುಟ್ಟಿದವರಿಗೆ ನಳಿಕೆ ಬೇಡ, ತಾಳ್ಮೆಯಿಂದ ಕೈಯಾರೆ ಉಣಿಸುವುದೇ ಸರಿ ಎಂದು ಅಮೆರಿಕದ ವೃದ್ಧರೋಗ ತಜ್ಞರ ಸಂಘ 2014ರಲ್ಲಿ ಪ್ರಕಟಿಸಿದ ನಿಲುವಿನಲ್ಲಿ ಸ್ಪಷ್ಟವಾಗಿ ಹೇಳಿದೆ. ನಳಿಕೆಯಿಂದ ಅಂಥವರ ಆಯುಷ್ಯ ಹೆಚ್ಚಿದ್ದಕ್ಕೆ ಪುರಾವೆಯಿಲ್ಲ. ನಳಿಕೆ ಕೀಳದಂತೆ ಕೈ ಕಟ್ಟಿಹಾಕಬೇಕಾದ ಪ್ರಸಂಗಗಳು ಮಾತ್ರ ಹೆಚ್ಚುತ್ತವೆ.

ಇದು ಕೇವಲ ವೈದ್ಯಕೀಯ ಪ್ರಶ್ನೆಯಲ್ಲವೆಂಬುದನ್ನು ನಾವು ಬಲ್ಲೆವು. ಅನ್ನವಿಕ್ಕುವುದೇ ಪ್ರೀತಿಯ ಭಾಷೆಯಾಗಿರುವ ಸಂಸ್ಕೃತಿ ನಮ್ಮದು. “ಇನ್ನೊಂದೇ ತುತ್ತು” ಎನ್ನದ ತಾಯಿಯುಂಟೇ? ಅದೇ ತಾಯಿಗೆ ಇಂದು ಅನ್ನ ಕೊಡಬೇಡಿ ಎಂದರೆ ಮಕ್ಕಳ ಕರುಳು ಹಿಂಡುತ್ತದೆ. ಮಂಚದ ಬಳಿಯಿರುವ ಮಗಳು ಒಂದು ಹೇಳುತ್ತಾಳೆ, ಬೆಂಗಳೂರಿನಿಂದ ದೂರವಾಣಿಯಲ್ಲಿ ಅಣ್ಣ “ಅಮ್ಮನನ್ನು ಉಪವಾಸ ಕೆಡವುತ್ತೀರಾ?” ಎಂದು ಕೇಳುತ್ತಾನೆ. ಇಬ್ಬರದೂ ಪ್ರೀತಿಯೇ. ಆದರೆ ಬದುಕಿನ ಕೊನೆಗಾಲದಲ್ಲಿ ದೇಹವೇ ಹಸಿವನ್ನು ಕಳೆದುಕೊಳ್ಳುತ್ತದೆ. ಊಟ ನಿಲ್ಲುವುದು ಆಗ ಸಾವಿನ ಕಾರಣವಲ್ಲ, ಸಾವು ಸಮೀಪಿಸಿದ ಲಕ್ಷಣ. ಇದನ್ನು ತಿಳಿದರೆ ಎಷ್ಟೋ ಕುಟುಂಬಗಳು ಅಪರಾಧಿ ಭಾವದಿಂದ ಪಾರಾಗುತ್ತವೆ.

ಅಂಥ ಹಂತದಲ್ಲಿ ಅಪಾಯವಿದೆಯೆಂದು ತಿಳಿದೇ, ರೋಗಿಯ ತೃಪ್ತಿಗಾಗಿ, ಎಚ್ಚರವಿರುವಾಗ, ನೆಟ್ಟಗೆ ಕೂರಿಸಿ, ಎರಡು ಚಮಚ ಕಾಫಿಯನ್ನೋ ಮೊಸರನ್ನೋ ಕೊಡುವ ನಿರ್ಧಾರವನ್ನು ವೈದ್ಯರೊಡನೆ ಕೂಡಿ ಕೈಗೊಳ್ಳಬಹುದು. ಅದು ನಿರ್ಲಕ್ಷ್ಯವಲ್ಲ. ಪ್ರಜ್ಞೆಯಿಲ್ಲದವರ ಬಾಯಿಗೆ ತೀರ್ಥವನ್ನು ಚಮಚದಿಂದ ಸುರಿಯುವ ಬದಲು, ಹತ್ತಿಯನ್ನು ಅದ್ದಿ ತುಟಿ ನಾಲಗೆಗಳನ್ನು ಒದ್ದೆ ಮಾಡಿದರೆ ಶ್ರದ್ಧೆಗೂ ಕೊರತೆಯಿಲ್ಲ, ಉಸಿರಿಗೂ ತೊಂದರೆಯಿಲ್ಲ.

ನಮ್ಮ ಕೋರಿಕೆ ಇಷ್ಟೇ. ಹಿರಿಯರು ಮಾತನಾಡಬಲ್ಲ ಸ್ಥಿತಿಯಲ್ಲಿರುವಾಗಲೇ, ಸಮಾಧಾನವಾದ ಒಂದು ಸಂಜೆ, ಅವರ ಇಚ್ಛೆಯನ್ನು ಕೇಳಿ ತಿಳಿಯಿರಿ. ಅವರ ಪರವಾಗಿ ತೀರ್ಮಾನಿಸುವವರು ಯಾರೆಂಬುದನ್ನು ಈ ದೇಶದ ಕಾನೂನಿನಂತೆ ಬರಹದಲ್ಲಿ ಇಡಿ. ಊರಿನಲ್ಲಿರುವ ಒಡಹುಟ್ಟಿದವರಿಗೂ ಅದನ್ನು ತಿಳಿಸಿ. ನಮ್ಮ ನಮ್ಮ ಇಚ್ಛೆಗಳನ್ನು ನಮ್ಮ ಮಕ್ಕಳಿಗೂ ಹೇಳೋಣ. ಇನ್ನು ಇಂದು ರಾತ್ರಿಯ ಊಟಕ್ಕೆ ಮನೆಯ ಹಿರಿಯರ ಎದುರಿಗೆ ಕುಳಿತಾಗ, ಅವರು ಎಷ್ಟು ಉಂಡರು ಎಂಬುದರ ಜೊತೆಗೆ ಹೇಗೆ ನುಂಗಿದರು ಎಂಬುದನ್ನೂ ಗಮನಿಸಿ. ಸಂಶಯ ಕಂಡರೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ನೀವಾಗಿಯೇ ಹೇಳಿ. ಕೇಳದೆ ಹೋದರೆ ಅವರಿಗೆ ತಿಳಿಯುವ ದಾರಿ ಬೇರೆ ಇಲ್ಲ.